ಎದುರಿನ ಕುರ್ಚಿಯಲ್ಲಿ ಯಾರನ್ನು ಕೂರಿಸಬೇಕು? ಹಾಮಿದ್ ಮೀರ್ ಕೊಟ್ಟ ಬೆಲೆ

2013ರ ಅಕ್ಟೋಬರ್ ಕೊನೆಯಲ್ಲಿ ಪಾಕಿಸ್ತಾನದ ಕ್ವೆಟ್ಟಾ ನಗರದಿಂದ ವಯಸ್ಸಾದ ಒಬ್ಬರು ನಡೆಯಲು ಶುರು ಮಾಡಿದರು. ಹೆಸರು ಅಬ್ದುಲ್ ಖದೀರ್ ಬಲೋಚ್. ಊರವರಿಗೆಲ್ಲ ಅವರು ಮಾಮಾ ಖದೀರ್. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಅವರ ಮಗ ಜಲೀಲ್ ರೇಕಿಯನ್ನು 2009ರಲ್ಲಿ ಹೊತ್ತೊಯ್ದಿದ್ದರು, 2011ರಲ್ಲಿ ಮಯ್ಯಿತ್ ಸಿಕ್ಕಿತ್ತು. ಮಗ ಹೋದ ಮೇಲೆ ಇನ್ನು ಯಾಕೆ ನಡೆಯುವುದು ಅಂತ ನಾವು ಕೇಳಬಹುದು. ಆದರೆ ಅವರ ಜೊತೆ ಹೊರಟವರ ಮಕ್ಕಳು, ಅಣ್ಣ ತಮ್ಮಂದಿರು ಇನ್ನೂ ಸಿಕ್ಕಿರಲಿಲ್ಲ. ಸಹೋದರನನ್ನು ಹುಡುಕುತ್ತಿದ್ದ ಫರ್ಝಾನಾ ಮಜೀದ್ ಇದ್ದರು. ತಂದೆಯನ್ನು ಹುಡುಕುತ್ತಿದ್ದ ಅಲಿ ಹೈದರ್ ಎಂಬ ಹತ್ತು ವರ್ಷದ ಹುಡುಗನೂ ಇದ್ದ. ಒಂದು ತಳ್ಳುಗಾಡಿ, ಅದರ ತುಂಬ ಕಾಣೆಯಾದವರ ಫೋಟೋಗಳು. ಕ್ವೆಟ್ಟಾದಿಂದ ಕರಾಚಿಗೇ ಸುಮಾರು 700 ಕಿಲೋಮೀಟರ್. ಅಲ್ಲಿಂದ ಮತ್ತೆ ಇಸ್ಲಾಮಾಬಾದಿಗೆ. ಒಟ್ಟು 2000 ಕಿಲೋಮೀಟರಿಗೂ ಹೆಚ್ಚು ನಡೆದು, 2014ರ ಫೆಬ್ರವರಿ ಕೊನೆಗೆ ರಾಜಧಾನಿ ಮುಟ್ಟಿದರು.

ಇಷ್ಟು ದೂರ ಒಬ್ಬ ಮುದುಕರು ನಡೆದು ಬಂದರೆ ಟಿವಿಯವರು ಸಾಲಾಗಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಬಲೂಚಿಸ್ತಾನದಲ್ಲಿ ಕಾಣೆಯಾದವರ ವಿಷಯ ಮುಟ್ಟಬಾರದು ಎನ್ನುವುದು ಅಲ್ಲಿಯ ಸುದ್ದಿಮನೆಗಳಲ್ಲಿ ಯಾರೂ ಬರೆದಿಡದ ಕಾನೂನು. ಆ ಕಾನೂನು ಮುರಿದು ಈ ಮಂದಿಯನ್ನು ಕರೆದು ಮಾತಾಡಿಸಿದವರಲ್ಲಿ ಜಿಯೋ ಟಿವಿಯ 'ಕ್ಯಾಪಿಟಲ್ ಟಾಕ್' ನಡೆಸುವ ಹಾಮಿದ್ ಮೀರ್ ಒಬ್ಬರು.

ಮಾಮಾ ಖದೀರ್ ಇಸ್ಲಾಮಾಬಾದ್ ತಲುಪಿ ಎರಡು ತಿಂಗಳು ತುಂಬಿರಲಿಲ್ಲ. ಏಪ್ರಿಲ್ 19ರಂದು ಹಾಮಿದ್ ಮೀರ್ ಕರಾಚಿಯಲ್ಲಿ ವಿಮಾನದಿಂದ ಇಳಿದು ಕಾರಿನಲ್ಲಿ ಕಚೇರಿಗೆ ಹೊರಟಿದ್ದರು. ದಾರಿಯಲ್ಲಿ ಗುಂಡು ಹಾರಿಸಿದರು. ಆರು ಗುಂಡುಗಳು ಮೈಗೆ ಹೊಕ್ಕವು. ಚಾಲಕ ಎದೆಗೆಡದೆ ಕಾರನ್ನು ನೇರ ಆಸ್ಪತ್ರೆಗೆ ಓಡಿಸಿದ. ಜೀವ ಉಳಿಯಿತು.

ನಮ್ಮಲ್ಲಿ ಹೆಚ್ಚಿನವರಿಗೆ ಈ ಮನುಷ್ಯ ಗೊತ್ತಿರುವುದು ಬೇರೆ ಕಾರಣಕ್ಕೆ. ಸೆಪ್ಟೆಂಬರ್ 11ರ ದಾಳಿ ಆದ ಮೇಲೆ, 2001ರ ನವೆಂಬರಿನಲ್ಲಿ, ಅಫ್ಘಾನಿಸ್ತಾನದ ಮೇಲೆ ಬಾಂಬು ಬೀಳುತ್ತಿದ್ದಾಗಲೇ ಉಸಾಮಾ ಬಿನ್ ಲಾದೆನ್‌ನನ್ನು ಭೇಟಿ ಮಾಡಿ ಸಂದರ್ಶನ ತಂದವರು ಎಂದು. ಲೋಕವೇ ಹುಡುಕುತ್ತಿದ್ದವನ ಎದುರು ಕೂತು ಬಂದವರಿಗೆ ಏನೂ ಆಗಲಿಲ್ಲ, ಹೆಸರು ಬಂತು. ಮಗನನ್ನು ಕಳಕೊಂಡ ಬಡಪಾಯಿಯನ್ನು ಎದುರು ಕೂರಿಸಿದ ಮೇಲೆ ಆರು ಗುಂಡು. ಎರಡಕ್ಕೂ ನಂಟು ಇದೆ ಅಂತ ಯಾವ ಕೋರ್ಟೂ ಹೇಳಿಲ್ಲ. ಅವರ ಮನೆಯವರು ಹೇಳಿದ್ದು ಮಾತ್ರ ಅದನ್ನೇ.

ಹಾಮಿದ್ ಮೀರ್ 1966ರಲ್ಲಿ ಲಾಹೋರಿನಲ್ಲಿ ಹುಟ್ಟಿದವರು. ತಂದೆ ವಾರಿಸ್ ಮೀರ್ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದರು, ಜನರಲ್ ಝಿಯಾ ಕಾಲದಲ್ಲಿ ಸರಕಾರಕ್ಕೆ ಹಿಡಿಸದ್ದನ್ನು ಬರೆಯುತ್ತಿದ್ದರು. 1987ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡರು. ಅದೇ ವರ್ಷ ಮಗ 'ಜಂಗ್' ಪತ್ರಿಕೆ ಸೇರಿದರು. ತಂದೆಯ ಇನ್ನೊಂದು ಗುಣವೂ ಮಗನಿಗೆ ಬಂದಿತ್ತು ನೋಡಿ. 1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ ಸೇನೆ ಮಾಡಿದ್ದನ್ನು ವಾರಿಸ್ ಮೀರ್ ಒಪ್ಪಿದವರಲ್ಲ. ಅದಕ್ಕಾಗಿ ಬಾಂಗ್ಲಾದೇಶ 2013ರ ಮಾರ್ಚಿನಲ್ಲಿ ಅವರಿಗೆ ಮರಣೋತ್ತರವಾಗಿ ಗೌರವ ಕೊಟ್ಟಿತು. ಕವಿ ಫೈಝ್, ಹಬೀಬ್ ಜಾಲಿಬ್ ಹೆಸರುಗಳೂ ಆ ಪಟ್ಟಿಯಲ್ಲಿದ್ದವು. ಢಾಕಾಕ್ಕೆ ಹೋಗಿ ತಂದೆಯ ಪರವಾಗಿ ಅದನ್ನು ಪಡೆದುಕೊಂಡವರು ಹಾಮಿದ್ ಮೀರ್. ಮಾನವ ಹಕ್ಕುಗಳ ವಕೀಲೆ ಅಸ್ಮಾ ಜಹಾಂಗೀರ್ ತಮ್ಮ ತಂದೆ ಮಲಿಕ್ ಗುಲಾಂ ಜೀಲಾನಿ ಪರವಾಗಿ ಹೋಗಿದ್ದರು. ಪಾಕಿಸ್ತಾನ ಬಾಂಗ್ಲಾದ ಕ್ಷಮೆ ಕೇಳಬೇಕು ಎಂದು ಹಾಮಿದ್ ಮೀರ್ ತಮ್ಮ ದೇಶದಲ್ಲಿ ಕೂತೇ ಹೇಳಿದವರು. ಇಲ್ಲಿ ಕೂತು ಹೇಳುವುದು ಸುಲಭ, ಅಲ್ಲಿ ಕೂತು ಹೇಳುವುದು ಬೇರೆ.

2002ರಲ್ಲಿ ಜಿಯೋ ಟಿವಿ ಶುರುವಾದಾಗ ಅವರು ಕ್ಯಾಮೆರಾ ಮುಂದೆ ಬಂದರು. ಸರಕಾರಿ ಟಿವಿಯ ಸುದ್ದಿ ಬಿಟ್ಟರೆ ಬೇರೆ ಏನೂ ಕಾಣದೆ ಇದ್ದ ಮನೆಗಳಲ್ಲಿ ಮಂತ್ರಿ ಮತ್ತು ವಿರೋಧ ಪಕ್ಷದವರು ಒಂದೇ ಮೇಜಿನಲ್ಲಿ ಜಗಳಾಡುವುದೇ ಹೊಸತು. 2007ರ ಮಾರ್ಚಿನಲ್ಲಿ ಮುಷರ್ರಫ್ ಅವರು ಮುಖ್ಯ ನ್ಯಾಯಮೂರ್ತಿ ಇಫ್ತಿಖಾರ್ ಚೌಧರಿಯವರನ್ನು ಅಮಾನತು ಮಾಡಿದರು. ವಕೀಲರು ಬೀದಿಗಿಳಿದರು. ಅದನ್ನು ತೋರಿಸುತ್ತಿದ್ದ ಜಿಯೋ ಕಚೇರಿಗೆ ಪೊಲೀಸರು ನುಗ್ಗಿ ಗಾಜು ಪುಡಿ ಮಾಡಿದರು. ಅಂದು ಸಂಜೆಯೇ ಮುಷರ್ರಫ್ 'ಕ್ಯಾಪಿಟಲ್ ಟಾಕ್'ಗೆ ಬಂದು ಕ್ಷಮೆ ಕೇಳಿದರು. ಸೇನಾ ಸಮವಸ್ತ್ರದಲ್ಲಿದ್ದ ಅಧ್ಯಕ್ಷರೊಬ್ಬರು ಟಿವಿ ಕಾರ್ಯಕ್ರಮದಲ್ಲಿ ತಪ್ಪಾಯಿತು ಅಂದದ್ದು! ಆದರೆ ನವೆಂಬರಿನಲ್ಲಿ ತುರ್ತು ಪರಿಸ್ಥಿತಿ ಹೇರಿದವರೂ ಅವರೇ. ಚಾನೆಲ್‌ಗಳು ಬಂದ್ ಆದವು, ಹಾಮಿದ್ ಮೀರ್ ಮುಖ ತೋರಿಸಬಾರದು ಎಂದಾಯಿತು. ಅವರು ಕುರ್ಚಿ ಮೇಜನ್ನು ರಸ್ತೆಗೆ ತಂದು, ಜನರ ನಡುವೆಯೇ ಕಾರ್ಯಕ್ರಮ ನಡೆಸಿದರು.

ಸೇನೆ ಮಾತ್ರ ಸಿಟ್ಟಾದದ್ದಲ್ಲ. 2012ರಲ್ಲಿ ಮಲಾಲಾ ಮೇಲೆ ಗುಂಡು ಹಾರಿಸಿದವರನ್ನು ಅವರು ನೇರವಾಗಿ ಖಂಡಿಸಿದರು. ಮರು ತಿಂಗಳೇ ಇಸ್ಲಾಮಾಬಾದಿನಲ್ಲಿ ಅವರ ಕಾರಿನ ಅಡಿಯಲ್ಲಿ ಅರ್ಧ ಕಿಲೋ ಸ್ಫೋಟಕ ಸಿಕ್ಕಿತು. ನೆರೆಮನೆಯವರ ಕಣ್ಣಿಗೆ ಬಿದ್ದ ಕಾರಣ ಅನಾಹುತ ತಪ್ಪಿತು. ಪಾಕಿಸ್ತಾನಿ ತಾಲಿಬಾನ್ ತಾನೇ ಇಟ್ಟದ್ದು ಎಂದು ಹೇಳಿಕೊಂಡಿತು.

ಹಾಗಂತ ಇವರನ್ನು ಹಾಲಲ್ಲಿ ತೊಳೆದವರು ಅಂತ ನಾವು ಹೇಳುತ್ತಿಲ್ಲ. 2010ರಲ್ಲಿ ಖಾಲಿದ್ ಖ್ವಾಜಾ ಎಂಬ ಮಾಜಿ ಗುಪ್ತಚರ ಅಧಿಕಾರಿಯನ್ನು ಉಗ್ರರು ಅಪಹರಿಸಿ ಕೊಂದಾಗ, ಹಾಮಿದ್ ಮೀರ್ ಅವರದ್ದು ಎನ್ನಲಾದ ಫೋನ್ ಮಾತಿನ ಧ್ವನಿಮುದ್ರಿಕೆ ಹೊರಬಂತು. ಖ್ವಾಜಾ ವಿರುದ್ಧ ಉಗ್ರರಿಗೆ ಕಿವಿಯೂದಿದ್ದಾರೆ ಎಂಬ ಆರೋಪ. ಅದು ಕೃತಕವಾಗಿ ತಯಾರಿಸಿದ್ದು ಎಂದು ಅವರು ಅಲ್ಲಗಳೆದರು. ಆದರೂ ಅವರ ವಿರೋಧಿಗಳು ಇಂದಿಗೂ ಅದನ್ನು ಎತ್ತಿ ಆಡುತ್ತಾರೆ.

ಗುಂಡಿನ ದಾಳಿಯಾದ ದಿನ ಜಿಯೋ ಟಿವಿ ಒಂದು ದೊಡ್ಡ ತಪ್ಪು ಮಾಡಿತು ಎಂದೇ ನಮ್ಮ ಅಭಿಪ್ರಾಯ. ಇದರ ಹಿಂದೆ ಐಎಸ್‌ಐ ಮುಖ್ಯಸ್ಥರಿದ್ದಾರೆ ಎಂದು ತಮ್ಮ ಆಮಿರ್ ಮೀರ್ ಹೇಳಿದರು. ಮನೆಯವರ ನೋವು ಅದು, ಹೇಳಲಿ. ಚಾನೆಲ್ ಮಾತ್ರ ಆ ಅಧಿಕಾರಿಯ ಫೋಟೋ ಹಾಕಿಕೊಂಡು ಗಂಟೆಗಟ್ಟಲೆ ಅದನ್ನೇ ಓಡಿಸಿತು. ಸಾಕ್ಷಿ ಎಲ್ಲಿ ಎಂದು ಕೇಳಬೇಕಾದವರೇ ಕೇಳಲಿಲ್ಲ. ಸೇನೆ ಆರೋಪವನ್ನು ನಿರಾಕರಿಸಿತು. ಆಮೇಲೆ ನಡೆದದ್ದು ಇನ್ನೂ ಬೇಸರದ್ದು. ಉಳಿದ ಚಾನೆಲ್‌ಗಳು ಗುಂಡು ತಿಂದವನನ್ನು ಬಿಟ್ಟು ಜಿಯೋ ಮೇಲೆ ಮುಗಿಬಿದ್ದವು. ಜೂನ್‌ನಲ್ಲಿ ಜಿಯೋ ನ್ಯೂಸ್‌ನ ಪರವಾನಗಿ 15 ದಿನ ಅಮಾನತಾಯಿತು, ಒಂದು ಕೋಟಿ ರೂಪಾಯಿ ದಂಡ ಬಿತ್ತು. ಸಂಸ್ಥೆ ಐಎಸ್‌ಐಯ ಕ್ಷಮೆಯನ್ನೂ ಕೇಳಿತು. ಗುಂಡು ಹಾರಿಸಿದವರು ಯಾರು? ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಆಯೋಗ ಕೂತಿತು. ಅದಕ್ಕೂ ಉತ್ತರ ಸಿಗಲಿಲ್ಲ.

ಮರು ವರ್ಷ, 2015ರ ಏಪ್ರಿಲಿನಲ್ಲಿ, ಕರಾಚಿಯ ಸಬೀನ್ ಮಹಮೂದ್ ಎಂಬ ಹೆಣ್ಣುಮಗಳು ಇದೇ ಮಾಮಾ ಖದೀರ್ ಅವರನ್ನು ತನ್ನ ಪುಟ್ಟ ಸಭಾಂಗಣಕ್ಕೆ ಕರೆದು ಮಾತಾಡಿಸಿದರು. ಲಾಹೋರಿನ ವಿಶ್ವವಿದ್ಯಾಲಯವೊಂದು ಹೆದರಿ ಕೈಬಿಟ್ಟಿದ್ದ ಕಾರ್ಯಕ್ರಮ ಅದು. ಸಭೆ ಮುಗಿಸಿ ತಾಯಿಯ ಜೊತೆ ಮನೆಗೆ ಹೊರಟ ಸಬೀನ್‌ರನ್ನು ಕಾರಿನಲ್ಲೇ ಗುಂಡಿಕ್ಕಿ ಕೊಂದರು.

ಹಾಮಿದ್ ಮೀರ್ ಮತ್ತೆ ಟಿವಿಗೆ ಬಂದರು. 2021ರ ಮೇ ತಿಂಗಳಲ್ಲಿ ಅಸದ್ ಅಲಿ ತೂರ್ ಎಂಬ ಪತ್ರಕರ್ತರ ಫ್ಲ್ಯಾಟಿಗೆ ನುಗ್ಗಿ ಹೊಡೆದಾಗ, ಇಸ್ಲಾಮಾಬಾದ್ ಪ್ರೆಸ್ ಕ್ಲಬ್ ಎದುರು ನಿಂತು ಕಡಕ್ಕಾಗಿ ಮಾತಾಡಿದರು. ನಮ್ಮ ಮನೆಗೆ ನುಗ್ಗುವುದಾದರೆ ನಿಮ್ಮ ಮನೆಯೊಳಗಿನ ಸುದ್ದಿ ನಾವು ಹೇಳುತ್ತೇವೆ ಎಂಬರ್ಥದ ಮಾತು. ಮೂರೇ ದಿನದಲ್ಲಿ ಅವರ ಕಾರ್ಯಕ್ರಮ ನಿಂತಿತು. ಕೆಲವು ದಿನ ಕಳೆದು, ಸೇನೆಯನ್ನು ಅವಮಾನಿಸುವ ಉದ್ದೇಶ ತನಗಿರಲಿಲ್ಲ ಎಂದು ಹೇಳಿಕೆ ಕೊಟ್ಟರು. ಅದನ್ನು ಹೇಡಿತನ ಎಂದವರಿದ್ದಾರೆ. ಆರು ಗುಂಡು ತಿಂದವರ ಬಗ್ಗೆ ಆ ಮಾತು ಆಡಲು ನಮಗೆ ನಾಲಿಗೆ ಬರುವುದಿಲ್ಲ. ಪರದೆ ಮೇಲೆ ಮತ್ತೆ ಕಂಡದ್ದು 2022ರ ಮಾರ್ಚಿನಲ್ಲಿ.

2023ರ ಡಿಸೆಂಬರಿನಲ್ಲಿ ಬಲೂಚಿಸ್ತಾನದಿಂದ ಇಸ್ಲಾಮಾಬಾದಿಗೆ ಮತ್ತೊಂದು ಜಾಥಾ ಬಂತು. ಈ ಸಲ ಮುಂದೆ ಇದ್ದದ್ದು ಮಹ್ರಂಗ್ ಬಲೋಚ್ ಎಂಬ ಯುವ ವೈದ್ಯೆ. ಅವರ ತಂದೆಯನ್ನೂ ಹೊತ್ತೊಯ್ದದ್ದು 2009ರಲ್ಲಿ, ಮಯ್ಯಿತ್ ಸಿಕ್ಕಿದ್ದೂ 2011ರಲ್ಲಿ. ಡಿಸೆಂಬರ್ ಚಳಿಯಲ್ಲಿ ಪೊಲೀಸರು ಆ ಹೆಂಗಸರ ಮೇಲೆ ನೀರು ಹಾರಿಸಿದರು. ಅವರ ಕೈಯಲ್ಲಿಯೂ ಅದೇ ರೀತಿಯ ಫೋಟೋಗಳಿದ್ದವು.