ದಾನಿಯ ಪ್ರತಿಕಾಯವೂ ಪ್ಲೇಟ್‌ಲೆಟ್‌ಗಳ ಕ್ಷಯವೂ

ಗಾಜನೂರಿನ ತುಂಗಾ ಅಣೆಕಟ್ಟನ್ನು ದಾಟಿ ತೀರ್ಥಹಳ್ಳಿಯ ಕಡೆಗೆ ಹೊರಟವರಿಗೆ ಮಲೆನಾಡಿನ ಕಾಡು ಎದುರಾಗುತ್ತದೆ. 1957ರಲ್ಲಿ ಇದೇ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯಲ್ಲಿಯೂ, ಡೆಂಗಿ ಜ್ವರದಲ್ಲಿಯೂ ರಕ್ತದ ಪ್ಲೇಟ್‌ಲೆಟ್‌ಗಳು ಕುಗ್ಗುವುದುಂಟು. ಆದುದರಿಂದ ಈ ಪ್ರಾಂತದಲ್ಲಿ ಪ್ಲೇಟ್‌ಲೆಟ್ ಇಳಿಯಿತೆಂದರೆ ಜ್ವರವನ್ನೇ ಶಂಕಿಸುವುದು ಸಹಜ. ಆದರೆ ರೋಗಿಯನ್ನು ಉಳಿಸಲೆಂದು ಕೊಟ್ಟ ಪ್ಲಾಸ್ಮಾವೇ, ಅಪರೂಪವಾಗಿಯಾದರೂ, ಇದಕ್ಕೆ ಕಾರಣವಾಗಬಲ್ಲದು. ಅದರ ಬಗೆಯನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 1.5ರಿಂದ 4.5 ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ಗಾಯದ ಬಾಯನ್ನು ಮುಚ್ಚಿ ರಕ್ತಸ್ರಾವವನ್ನು ತಡೆಯುವುದು ಅವುಗಳ ಕಾರ್ಯ. ಅವುಗಳ ಮೇಲ್ಮೈಯಲ್ಲಿ ವಂಶಾನುಗತವಾದ ಕೆಲವು ಗುರುತುಗಳಿವೆ. ಎಚ್‌ಪಿಎ-1ಎ ಎಂಬುದು ಬಹುಪಾಲು ಜನರಲ್ಲಿದ್ದು, ಕೆಲವರಲ್ಲಿ ಮಾತ್ರ ಇಲ್ಲದ ಗುರುತು. ಅದಿಲ್ಲದ ಸ್ತ್ರೀಯ ಗರ್ಭದಲ್ಲಿರುವ ಶಿಶು ತಂದೆಯಿಂದ ಆ ಗುರುತನ್ನು ಪಡೆದಿದ್ದರೆ, ತಾಯಿಯ ದೇಹವು ಅದನ್ನು ಪರಕೀಯವೆಂದೆಣಿಸಿ ಪ್ರತಿಕಾಯಗಳನ್ನು ರಚಿಸಬಹುದು. ಆಕೆಗೆ ಅದರಿಂದ ಬಾಧೆಯಿಲ್ಲ. ಆಕೆಯ ಪ್ಲೇಟ್‌ಲೆಟ್‌ಗಳಲ್ಲಿ ಆ ಗುರುತೇ ಇಲ್ಲವಷ್ಟೆ. ಆದರೆ ಆಕೆಯ ಪ್ಲಾಸ್ಮಾವು ಆ ಗುರುತುಳ್ಳ ರೋಗಿಯನ್ನು ಸೇರಿದಾಗ, ಪ್ರತಿಕಾಯಗಳು ರೋಗಿಯ ಪ್ಲೇಟ್‌ಲೆಟ್‌ಗಳಿಗೆ ಅಂಟಿಕೊಳ್ಳುತ್ತವೆ. ಅಂಥವನ್ನು ಗುಲ್ಮವು ನಾಶಪಡಿಸುತ್ತದೆ. ಕೆಲವೇ ಗಂಟೆಗಳಲ್ಲಿ ಸಂಖ್ಯೆ ಕುಸಿಯುತ್ತದೆ. ರಕ್ತನಿಧಿಯ ವಾಡಿಕೆಯ ಪರೀಕ್ಷೆಗಳು ಕೆಂಪುಕಣಗಳ ಹೊಂದಿಕೆಯನ್ನು ನೋಡುವುವಾದ್ದರಿಂದ ಈ ಪ್ರತಿಕಾಯ ಅವುಗಳಿಗೆ ಸಿಕ್ಕುವುದಿಲ್ಲ.

ಪ್ಲೇಟ್‌ಲೆಟ್‌ಗಳನ್ನು ನಾಶಮಾಡುವ ವಸ್ತು ರಕ್ತದೊಡನೆ ಒಬ್ಬರಿಂದ ಇನ್ನೊಬ್ಬರಿಗೆ ಸಾಗಬಲ್ಲದೆಂಬುದನ್ನು 1950ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ವಿಲಿಯಂ ಹ್ಯಾರಿಂಗ್ಟನ್ ಎಂಬ ವೈದ್ಯರು ತೋರಿಸಿದರು. ಪ್ಲೇಟ್‌ಲೆಟ್ ಕ್ಷಯದ ರೋಗಿಯೊಬ್ಬರ ರಕ್ತವನ್ನು ಅವರು ತಮ್ಮ ದೇಹಕ್ಕೇ ಏರಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್‌ಲೆಟ್‌ಗಳು ಬಹುಮಟ್ಟಿಗೆ ಮಾಯವಾಗಿ, ಕೆಲವು ದಿನಗಳಲ್ಲಿ ಮರಳಿದವು. ಆ ರೋಗಿಯ ಪ್ರತಿಕಾಯ ಸ್ವಂತ ಪ್ಲೇಟ್‌ಲೆಟ್‌ಗಳಿಗೂ ವೈರಿ. ನಾವು ಹೇಳಿದ ದಾನಿಯ ಪ್ರತಿಕಾಯವಾದರೋ ಅನ್ಯರಿಗೆ ಮಾತ್ರ.

ಕಾರಣವನ್ನರಿಯಲು ಕಾಲವೇ ಮುಖ್ಯ ಸೂಚಕ. ರಕ್ತ ಪಡೆದವರ ದೇಹವೇ ಪ್ರತಿಕಾಯ ರಚಿಸಿದಾಗ ಕುಸಿತವು ಸಾಮಾನ್ಯವಾಗಿ 5ರಿಂದ 10 ದಿನಗಳ ಬಳಿಕ ತೋರುತ್ತದೆ. ದಾನಿಯಿಂದ ಬಂದುದಾದರೆ ಗಂಟೆಗಳಲ್ಲೇ. ಇಂಥ ಪ್ರಸಂಗವನ್ನು ಕೂಡಲೇ ರಕ್ತನಿಧಿಗೆ ತಿಳಿಸಿದರೆ, ದಾನಿಯನ್ನು ಪರೀಕ್ಷಿಸಿ ಆಕೆಯ ಪ್ಲಾಸ್ಮಾ ಮತ್ತೊಬ್ಬರಿಗೆ ಹೋಗದಂತೆ ತಡೆಯಬಹುದು. ಇದರಲ್ಲಿ ಆಕೆಯ ದೋಷ ಲೇಶವೂ ಇಲ್ಲ. ಆಕೆಗೂ ಈ ಅರಿವು ಅಮೂಲ್ಯ: ಮುಂದಿನ ಗರ್ಭದಲ್ಲಿ ಅದೇ ಪ್ರತಿಕಾಯವು ಶಿಶುವಿನ ಮೆದುಳಿನಲ್ಲಿ ರಕ್ತಸ್ರಾವವನ್ನು ಉಂಟುಮಾಡಬಹುದಾದುದರಿಂದ, ಮೊದಲೇ ತಿಳಿದ ವೈದ್ಯರು ಎಚ್ಚರ ವಹಿಸಬಲ್ಲರು.