ಯೂನ್ಯಳು ಅಪೊಸ್ತಲಳೋ?

ರೋಮಾಪುರದವರಿಗೆ ಬರೆದ ಪತ್ರಿಕೆಯ 16:7ರಲ್ಲಿ ಪೌಲನು ವಂದಿಸುವ ಯೂನ್ಯಳನ್ನು ಕ್ರಿಸೊಸ್ತೊಮನು ಸ್ತ್ರೀಯೆಂದೇ ತಿಳಿದು, ಅಪೊಸ್ತಲಳೆನಿಸಿಕೊಳ್ಳಲು ಯೋಗ್ಯಳಾದಳೆಂದು ಹೊಗಳಿದನು. ಆತನನ್ನು ಸ್ತ್ರೀವಾದಿಯೆಂದು ಯಾರೂ ದೂರಲಾರರು. ಆದರೆ 1927ರ ನೆಸ್ಲೆ ಗ್ರೀಕ್ ಆವೃತ್ತಿಯಲ್ಲಿ ಒಂದು ಸ್ವರಚಿಹ್ನೆಯ ಬದಲಾವಣೆಯಿಂದ ಆಕೆ 'ಯೂನಿಯಾಸ್' ಎಂಬ ಪುರುಷನಾದಳು. ಪ್ರಾಚೀನ ಶಾಸನಗಳಲ್ಲಿ ಕಾಣದ ಹೆಸರದು. 1977ರಲ್ಲಿ ಸ್ತ್ರೀವಾದಿ ವಿದುಷಿ ಬರ್ನಡೆಟ್ ಬ್ರೂಟನ್ ಇದನ್ನು ಪ್ರಶ್ನಿಸಿದರು. 1998ರ ಮುದ್ರಣದಲ್ಲಿ ಸ್ತ್ರೀನಾಮ ಮರಳಿತು.

ಸ್ತ್ರೀವಾದಿ ವ್ಯಾಖ್ಯಾನವನ್ನು ಒಪ್ಪದ ಪಕ್ಷಕ್ಕೆ 2001ರಲ್ಲಿ ಬ್ಯೂರರ್ ಮತ್ತು ವಾಲೆಸ್ ಹೊಸ ಆಧಾರ ಒದಗಿಸಿದರು: ಯೂನ್ಯಳು ಸ್ತ್ರೀಯೇ ಇರಲಿ, 'ಎನ್' ಎಂಬ ಅವ್ಯಯದ ಅರ್ಥವನ್ನು ನೋಡಿದರೆ ಆಕೆ ಅಪೊಸ್ತಲರಿಗೆ ಸುಪರಿಚಿತಳು, ಅವರಲ್ಲೊಬ್ಬಳಲ್ಲ. ಗ್ರೀಕನ್ನೇ ಆಡುತ್ತಿದ್ದ ಕ್ರಿಸೊಸ್ತೊಮನು ಹಾಗೆ ಓದಲಿಲ್ಲವೆಂಬುದು ಈ ವಾದಕ್ಕೆ ದೊಡ್ಡ ತೊಡಕು. ಕನ್ನಡದಲ್ಲಿ 'ಅಪೊಸ್ತಲರಲ್ಲಿ ಪ್ರಸಿದ್ಧರು' ಎಂದರೆ ಎರಡು ಅರ್ಥಕ್ಕೂ ಎಡೆಯಿದೆ. ಪ್ರಸಂಗಿಯು ಆರಿಸಿಕೊಂಡ ಅರ್ಥವನ್ನೇ ಸಭೆಯ ಸ್ತ್ರೀಯರು ಪೌಲನ ಮಾತೆಂದು ಕೇಳಿಸಿಕೊಳ್ಳುತ್ತಾರೆ.