‘ಇನ್‌ಫ್ಲೇಮಬಲ್’ ಎಂಬ ಮಾತು

ಪೆಟ್ರೋಲನ್ನು ಸಾಗಿಸುವ ಲಾರಿಗಳ ಹಿಂಬದಿಯಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದು ದಪ್ಪಕ್ಷರಗಳಲ್ಲಿ ಬರೆದಿರುವುದನ್ನು ಪಟ್ಟಣವಾಸಿಗಳು ನೋಡಿಯೇ ಇರುತ್ತಾರೆ. ‘ಬಹು ಬೇಗನೆ ಹೊತ್ತಿಕೊಳ್ಳತಕ್ಕದ್ದು’ ಎಂಬುದು ಅದರ ಅರ್ಥ. ಆದರೆ ಇಂಗ್ಲಿಷನ್ನು ಅಷ್ಟಿಷ್ಟು ಕಲಿತವನು ಇದನ್ನು ತಲೆಕೆಳಗಾಗಿ ಗ್ರಹಿಸುವುದಕ್ಕೆ ಕಾರಣವುಂಟು. ‘ವಿಸಿಬಲ್’ ಎಂದರೆ ಕಾಣುವುದು, ‘ಇನ್‌ವಿಸಿಬಲ್’ ಎಂದರೆ ಕಾಣದ್ದು. ‘ಕರೆಕ್ಟ್’ ಎಂದರೆ ಸರಿ, ‘ಇನ್‌ಕರೆಕ್ಟ್’ ಎಂದರೆ ತಪ್ಪು. ‘ಫ್ಲೇಮ್’ ಎಂದರೆ ಜ್ವಾಲೆಯಷ್ಟೆ. ಆದಕಾರಣ ‘ಇನ್‌ಫ್ಲೇಮಬಲ್’ ಎಂದರೆ ಉರಿಯದ್ದು! ಪೀಪಾಯಿಯ ಪಕ್ಕದಲ್ಲಿ ನಿಂತು ಬೀಡಿ ಹಚ್ಚುವವನಿಗೆ ಇಷ್ಟು ತರ್ಕ ಸಾಕು.

ತೊಡಕಿನ ಮೂಲವಿರುವುದು ಲ್ಯಾಟಿನ್ ಭಾಷೆಯಲ್ಲಿ. ಅಲ್ಲಿ ‘ಇನ್’ ಎಂಬ ರೂಪದ ಉಪಸರ್ಗಗಳು ಎರಡು. ಒಂದು ನಿಷೇಧಾರ್ಥಕ, ಮತ್ತೊಂದಕ್ಕೆ ‘ಒಳಗೆ’, ‘ಮೇಲೆ’ ಎಂಬ ಅರ್ಥ. ‘ಇನ್‌ಫ್ಲಮಾರೆ’ ಎಂಬ ಲ್ಯಾಟಿನ್ ಕ್ರಿಯಾಪದಕ್ಕೆ ‘ಬೆಂಕಿ ಹೊತ್ತಿಸು’ ಎಂದರ್ಥ. ನಮ್ಮ ಶಬ್ದವು ಹುಟ್ಟಿದ್ದು ಇದರಿಂದ. ವೈದ್ಯರು ಉರಿಯೂತಕ್ಕೆ ಹೇಳುವ ‘ಇನ್‌ಫ್ಲಮೇಶನ್’ ಇದರ ಒಡಹುಟ್ಟು. ನಮಗೆ ಇದು ಅಪರಿಚಿತವಾದ ಸಂಗತಿಯಲ್ಲ. ‘ವಿಮಲ’ ಎಂದರೆ ಮಲವಿಲ್ಲದ್ದು. ಹಾಗೆಂದು ‘ವಿಖ್ಯಾತ’ನನ್ನು ಖ್ಯಾತಿಯಿಲ್ಲದವನೆಂದು ಯಾರೂ ಹೇಳುವುದಿಲ್ಲ. ‘ವಿಜ್ಞಾನ’ವು ಜ್ಞಾನವಿಲ್ಲದಿರುವಿಕೆಯೂ ಅಲ್ಲ.

‘ಇನ್‌ಫ್ಲೇಮಬಲ್’ ಶಬ್ದವು 17ನೆಯ ಶತಮಾನದಿಂದಲೂ ಇಂಗ್ಲಿಷಿನಲ್ಲಿ ಬಳಕೆಯಲ್ಲಿದೆ. ‘ಫ್ಲೇಮಬಲ್’ ಎಂಬುದು 19ನೆಯ ಶತಮಾನದ ಆದಿಭಾಗದಲ್ಲಿ ತಲೆದೋರಿದರೂ ಬಹುಕಾಲ ಮೂಲೆಯಲ್ಲಿಯೇ ಉಳಿದಿತ್ತು. ಅದಕ್ಕೆ ಜೀವ ಬಂದದ್ದು ಪಂಡಿತರಿಂದಲ್ಲ, ಬೆಂಕಿಯ ಭಯದಿಂದ. 1920ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘವು ಈ ಚಿಕ್ಕ ರೂಪವನ್ನೇ ಬಳಸಬೇಕೆಂದು ಒತ್ತಾಯಪಡಿಸಿತು. ಬೇಗನೆ ಹೊತ್ತಿಕೊಳ್ಳುವ ಬಟ್ಟೆಗಳ ವಿಷಯವಾಗಿ ಆ ದೇಶದಲ್ಲಿ 1953ರಲ್ಲಿ ಮಾಡಿದ ಕಾನೂನಿನ ಹೆಸರಿನಲ್ಲಿಯೂ ‘ಫ್ಲೇಮಬಲ್’ ಎಂದೇ ಇದೆ. ಬ್ರಿಟನ್ನಿನ ಪ್ರಮಾಣೀಕರಣ ಸಂಸ್ಥೆಯು 1959ರಲ್ಲಿ ಇದೇ ದಾರಿಯನ್ನು ಹಿಡಿಯಿತು. ಹೊಸ ರೂಪವು ಅಶುದ್ಧವೆಂದು ಗೊಣಗುವ ವ್ಯಾಕರಣಪ್ರಿಯರು ಇದ್ದಾರೆ. ಅವರ ಪಕ್ಷ ನಮ್ಮದಲ್ಲ.

ಶಬ್ದದಿಂದ ಬೆಂಕಿ ಹತ್ತೀತೆ ಎಂದು ನಗುವವರು ಬೆಂಜಮಿನ್ ಲೀ ವೋರ್ಫ್ ಎಂಬ ಭಾಷಾವಿಜ್ಞಾನಿಯ ಮಾತನ್ನು ಕೇಳಬೇಕು. ಅಗ್ನಿವಿಮಾ ಕಂಪೆನಿಯೊಂದರಲ್ಲಿ ಉದ್ಯೋಗದಲ್ಲಿದ್ದ ಅವರು ಒಂದು ವಿಚಿತ್ರವನ್ನು ಕಂಡರು. ತುಂಬಿದ ಪೆಟ್ರೋಲು ಪೀಪಾಯಿಗಳ ಬಳಿ ಜನರು ಎಚ್ಚರದಿಂದಿರುತ್ತಿದ್ದರು. ‘ಖಾಲಿ’ ಎಂದು ಕರೆಯಿಸಿಕೊಂಡವುಗಳ ಬಳಿ ನಿಶ್ಚಿಂತೆಯಿಂದ ಹೊಗೆಬತ್ತಿ ಸೇದುತ್ತಿದ್ದರು. ಖಾಲಿ ಪೀಪಾಯಿಯೊಳಗೆ ಉಳಿದ ಆವಿಯೇ ಹೆಚ್ಚು ಅಪಾಯಕರವಾದದ್ದು.

ಆದುದರಿಂದ ಸೀಸೆ, ಡಬ್ಬಿ, ಲಾರಿಗಳ ಮೇಲೆ ಬರೆಯುವಾಗ ‘ಫ್ಲೇಮಬಲ್’ ಎಂದೇ ಬರೆಯತಕ್ಕದ್ದು. ಉರಿಯದ ವಸ್ತುವಿಗೆ ‘ನಾನ್‌ಫ್ಲೇಮಬಲ್’. ಕೋಪಿಷ್ಠನ ಸ್ವಭಾವವನ್ನು ಹೇಳುವಾಗ ಹಳೆಯ ‘ಇನ್‌ಫ್ಲೇಮಬಲ್’ ಇರಲಿ, ಅದರಿಂದ ಯಾರ ಮನೆಯೂ ಸುಡುವುದಿಲ್ಲ. ಜನರನ್ನು ಕೆರಳಿಸುವ ಭಾಷಣಕ್ಕೆ ಮಾತ್ರ ಇವೆರಡೂ ಸಲ್ಲವು, ಅದು ‘ಇನ್‌ಫ್ಲಮೇಟರಿ’. ‘ಫ್ಲೇಮಬಲ್’ ಆಗುವುದು ಆ ಭಾಷಣವನ್ನು ಅಚ್ಚುಹಾಕಿದ ಕಾಗದ.